ಅಳಿಸಲಾಗದ ಪುಸ್ತಕದಲ್ಲಿ ಏನನ್ನು ಬರೆಯಬೇಕು?



ಹೊಸೂರಿರಲಿ, ಕಾಸರಗೋಡಿರಲಿ, ಸೊಲ್ಲಾಪುರವಿರಲಿ, ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮಗನೋ ಮಗಳೋ ಇರುವ ಮನೆಗಳು ಇಂದು ನಮ್ಮಲ್ಲಿ ಸಾಕಷ್ಟಿವೆ. ಅವರ ಬಾಯಲ್ಲಿ 'ಬ್ಲಾಕ್‌ಚೈನ್', 'ಸ್ಮಾರ್ಟ್ ಕಾಂಟ್ರ್ಯಾಕ್ಟ್' ಎಂಬ ಮಾತುಗಳು ಆಗಾಗ ಕೇಳಿಬರುತ್ತವೆ. ಹಿರಿಯರು ಅದೆಲ್ಲ ಬಿಟ್‌ಕಾಯಿನ್ ವ್ಯವಹಾರವೆಂದು ತಿಳಿದು ಸುಮ್ಮನಾಗುತ್ತಾರೆ. ಆದರೆ ಈಗ ಶಾಲೆಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳೂ ಈ ದಾರಿ ಹಿಡಿದಿವೆ. ಆದ್ದರಿಂದ ವಿಷಯ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು. ಹಣ ಹೂಡಬೇಕೇ ಬೇಡವೇ ಎಂಬುದನ್ನು ಈ ತಿಂಗಳು ಚರ್ಚಿಸುವುದಿಲ್ಲ. ಸ್ಮಾರ್ಟ್ ಕಾಂಟ್ರ್ಯಾಕ್ಟಿನೊಳಗೆ ವಿವರಗಳನ್ನು ಹೇಗೆ ಜೋಡಿಸಿ ಇಡುತ್ತಾರೆ, ಯಾವುದನ್ನು ಅದರಲ್ಲಿ ಇಡಲೇಬಾರದು ಎಂಬುದನ್ನು ನೋಡೋಣ.

ಒಂದಕ್ಕೊಂದು ಹೆಣೆದ ಪುಟಗಳು

ಒಂದು ಲೆಕ್ಕದ ಪುಸ್ತಕವನ್ನು ಕಲ್ಪಿಸಿಕೊಳ್ಳಿ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ 'ಬೆರಳಚ್ಚು' ಇದೆ. ಹಿಂದಿನ ಪುಟದಲ್ಲಿ ಒಂದಕ್ಷರ ತಿದ್ದಿದರೂ ಬೆರಳಚ್ಚು ಬದಲಾಗಿ, ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಈ ಪುಸ್ತಕದ ಪ್ರತಿ ಒಬ್ಬರ ಬಳಿಯಲ್ಲ, ಲೋಕದಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇದೆ. ಇದೇ ಬ್ಲಾಕ್‌ಚೈನ್. ಬೆರಳಚ್ಚಿಗೆ ತಂತ್ರಜ್ಞರು 'ಹ್ಯಾಶ್' ಎನ್ನುತ್ತಾರೆ. ಬರಹ ಎಷ್ಟೇ ಉದ್ದವಿರಲಿ, ಲೆಕ್ಕ ಹಾಕಿದಾಗ ಬರುವ ಹ್ಯಾಶ್ ಒಂದೇ ಉದ್ದದ್ದು.

ಈ ವಿಚಾರ ಬಿಟ್‌ಕಾಯಿನ್‌ಗಿಂತ ಹಳೆಯದು. ದಾಖಲೆಯೊಂದು ಯಾವ ಹೊತ್ತಿನಲ್ಲಿ ಇತ್ತೆಂದು ಸಾಬೀತುಪಡಿಸಲು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ 1991ರಲ್ಲೇ ಇಂಥ ಸರಪಳಿಯನ್ನು ವಿವರಿಸಿದ್ದರು. 1995ರಿಂದ ಅವರ ಸಂಸ್ಥೆ ಹ್ಯಾಶ್ ಸಂಖ್ಯೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಚಿಕ್ಕ ಜಾಹೀರಾತಾಗಿ ಮುದ್ರಿಸುತ್ತಿತ್ತು. ಅಚ್ಚಾಗಿ ಮನೆಮನೆಗೆ ಹೋದ ಪತ್ರಿಕೆಯನ್ನು ಯಾರು ತಾನೇ ತಿದ್ದಬಲ್ಲರು? 2008ರಲ್ಲಿ ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಲೇಖನ ಹೊರಬಂತು. ಅದರ ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು.

ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ಆ ಪುಸ್ತಕದಲ್ಲೇ ಇರಿಸಿದ ಚಿಕ್ಕ ಪ್ರೋಗ್ರಾಂ. ಈ ಹೆಸರಿಟ್ಟವರು ನಿಕ್ ಸಾಬೊ, 1990ರ ದಶಕದಲ್ಲಿ. ನಾಣ್ಯ ಹಾಕಿದರೆ ತಿಂಡಿ ಕೊಡುವ ಯಂತ್ರವನ್ನು ಅವರು ಉದಾಹರಿಸುತ್ತಾರೆ. ಅಲ್ಲಿ ಅಂಗಡಿಯವನಿಲ್ಲ, ನಿಯಮ ಯಂತ್ರದೊಳಗೇ ಇದೆ. ವಿಟಾಲಿಕ್ ಬುಟೆರಿನ್ ಮತ್ತು ಸಂಗಡಿಗರು ರೂಪಿಸಿದ 'ಇಥೀರಿಯಂ' 2015ರ ಜುಲೈ 30ರಂದು ಆರಂಭವಾದ ಮೇಲೆ ಇಂಥ ಪ್ರೋಗ್ರಾಂಗಳನ್ನು ಯಾರು ಬೇಕಾದರೂ ಬರೆದು ಇಡುವಂತಾಯಿತು. ಮುಂದೆ ಹೇಳುವುದೆಲ್ಲ ಇಥೀರಿಯಂ ಕುರಿತೇ.

ಗೂಡುಗಳ ಗೋಡೆ

ಪ್ರತಿ ಸ್ಮಾರ್ಟ್ ಕಾಂಟ್ರ್ಯಾಕ್ಟಿಗೂ ತನ್ನದೇ ಆದ ಒಂದು ಗೋಡೆಯಿದೆ ಎನ್ನಿ. ಗೋಡೆಯ ತುಂಬ ಸಂಖ್ಯೆ ಹಾಕಿದ ಗೂಡುಗಳು. ತಂತ್ರಜ್ಞರ ಮಾತಿನಲ್ಲಿ ಇವು 'ಸ್ಲಾಟ್'ಗಳು. ಒಂದು ಗೂಡಿನಲ್ಲಿ 32 ಬೈಟ್ ಮಾತ್ರ ಹಿಡಿಯುತ್ತದೆ. ಗೂಡುಗಳಿಗೆ ಕೊರತೆಯಿಲ್ಲ, ಆದರೆ ತುಂಬಿಸುವುದಕ್ಕೆ ಬೆಲೆ ತೆರಬೇಕು. ಆ ಬೆಲೆಯನ್ನು 'ಗ್ಯಾಸ್' ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಸಾಮಾನ್ಯ ಹಣ ವರ್ಗಾವಣೆಗೆ 21,000 ಗ್ಯಾಸ್ ಬೇಕು. ಖಾಲಿ ಗೂಡೊಂದಕ್ಕೆ ಹೊಸದಾಗಿ ಬರೆಯಲು ಸುಮಾರು 20,000 ಬೇಕು. ಇದ್ದುದನ್ನು ಬದಲಿಸಲು ಸುಮಾರು 5,000 ಸಾಕು.

ಇಷ್ಟು ದುಬಾರಿ ಏಕೆ? ನೀವು ಬರೆದದ್ದನ್ನು ಸಾವಿರಾರು ಕಂಪ್ಯೂಟರ್‌ಗಳು ತಮ್ಮಲ್ಲಿ ಇಟ್ಟುಕೊಂಡು ಕಾಯಬೇಕು. 100 ಕಿಲೋಬೈಟಿನ ಒಂದು ಫೋಟೋವನ್ನು ಗೂಡುಗಳಲ್ಲಿ ತುಂಬಲು ಹೊರಟರೆ 3,200 ಗೂಡು, 6.4 ಕೋಟಿ ಗ್ಯಾಸ್ ಬೇಕಾಗುತ್ತದೆ. 2021ರಿಂದ 2025ರ ಆರಂಭದವರೆಗೆ ಇಥೀರಿಯಂನ ಒಂದು ಬ್ಲಾಕಿನ ಮಿತಿಯೇ 3 ಕೋಟಿ ಗ್ಯಾಸ್ ಆಗಿತ್ತು. ಲೋಕದವರೆಲ್ಲ ಹಂಚಿಕೊಳ್ಳುವ ಎರಡು ಬ್ಲಾಕುಗಳೂ ನಮ್ಮ ಒಂದು ಫೋಟೋಗೆ ಸಾಲುತ್ತಿರಲಿಲ್ಲ! ಆದ್ದರಿಂದಲೇ 2017ರಲ್ಲಿ 'ಕ್ರಿಪ್ಟೋಪಂಕ್ಸ್' ಎಂಬ 10,000 ಪುಟ್ಟ ಚಿತ್ರಗಳನ್ನು ಹೊರತಂದವರು ಚಿತ್ರಗಳನ್ನು ಕಾಂಟ್ರ್ಯಾಕ್ಟಿನಲ್ಲಿ ಇಡಲಿಲ್ಲ. ಎಲ್ಲ ಚಿತ್ರಗಳನ್ನು ಸೇರಿಸಿದ ಒಂದೇ ದೊಡ್ಡ ಚಿತ್ರದ ಹ್ಯಾಶ್ ಮಾತ್ರ ಇಟ್ಟರು. ಚಿತ್ರಗಳೇ ಚೈನಿಗೆ ಸೇರಿದ್ದು 2021ರ ಆಗಸ್ಟಿನಲ್ಲಿ.

ಚೀಟಿ ಲೆಕ್ಕದ ಉದಾಹರಣೆ

ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಚೀಟಿಯನ್ನೇ ತೆಗೆದುಕೊಳ್ಳೋಣ. 20 ಜನ ಮಹಿಳೆಯರು, ತಿಂಗಳಿಗೆ ತಲಾ 1,000 ರೂಪಾಯಿ. ಇದರ ಲೆಕ್ಕವನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲಿ ಇಡುವುದಾದರೆ ಪ್ರತಿ ಸದಸ್ಯೆಗೂ ನಾಲ್ಕು ವಿವರ ಬೇಕು: ಕಟ್ಟಿದ ಒಟ್ಟು ಮೊತ್ತ, ಕೊನೆಯ ಕಂತಿನ ದಿನ, ಕಂತುಗಳ ಸಂಖ್ಯೆ, ಚೀಟಿ ಎತ್ತಿದ್ದಾರೋ ಇಲ್ಲವೋ.

ಯೋಚಿಸದೆ ಬರೆದರೆ ಒಂದೊಂದಕ್ಕೂ ಒಂದೊಂದು ಗೂಡು, ಒಟ್ಟು ನಾಲ್ಕು. ಯೋಚಿಸಿ ಬರೆದರೆ ಮೊತ್ತಕ್ಕೆ 16 ಬೈಟ್, ದಿನಕ್ಕೆ 8, ಕಂತಿನ ಸಂಖ್ಯೆಗೆ 1, ಹೌದು-ಇಲ್ಲಕ್ಕೆ 1. ಒಟ್ಟು 26 ಬೈಟ್, ಎಲ್ಲವೂ ಒಂದೇ ಗೂಡಿನಲ್ಲಿ! 80,000 ಗ್ಯಾಸಿನ ಜಾಗದಲ್ಲಿ 20,000. ಆದರೆ ಚಿಕ್ಕವನ್ನು ಅಕ್ಕಪಕ್ಕದಲ್ಲೇ ಬರೆಯಬೇಕು. ನಡುವೆ ಒಂದು ದೊಡ್ಡದನ್ನು ತುರುಕಿದರೆ ಒಂದೇ ಗೂಡಿನಲ್ಲಿ ಕೂರುವುದಿಲ್ಲ. ಪ್ರಯಾಣಕ್ಕೆ ಪೆಟ್ಟಿಗೆ ಜೋಡಿಸುವ ಗೃಹಿಣಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿ ದಶಮಾಂಶ ಇಲ್ಲ ಎಂಬುದನ್ನೂ ತಿಳಿದಿರಬೇಕು. ಎಲ್ಲವೂ ಪೂರ್ಣಾಂಕ. ಹತ್ತೂವರೆ ರೂಪಾಯಿಯನ್ನು 1,050 ಪೈಸೆ ಎಂದೇ ಬರೆಯಬೇಕು. ಒಂದು ಈಥರ್ ನಾಣ್ಯವನ್ನು ಇದೇ ರೀತಿ 'ವೇ' ಎಂಬ ಚಿಲ್ಲರೆಯಲ್ಲಿ, ಒಂದರ ಮುಂದೆ 18 ಸೊನ್ನೆ ಹಾಕಿದಷ್ಟಾಗಿ ಲೆಕ್ಕ ಹಾಕುತ್ತಾರೆ.

ಹೆಸರುಗಳ ವಿಷಯದಲ್ಲಿ ಕನ್ನಡಿಗರಾದ ನಮಗೆ ಇನ್ನೂ ಒಂದು ಸಂಗತಿ. ಇಂಗ್ಲಿಷಿನ ಒಂದಕ್ಷರಕ್ಕೆ ಕಂಪ್ಯೂಟರಿನಲ್ಲಿ 1 ಬೈಟ್ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೂ, ಕೊಂಬು ಗುಡಿಸುಗಳಿಗೂ 3 ಬೈಟ್ ಹಿಡಿಯುತ್ತದೆ. 'ಫ್ರಾನ್ಸಿಸ್ ಝೇವಿಯರ್' ಎಂಬ ಹೆಸರು ಇಂಗ್ಲಿಷಿನಲ್ಲಿ 14 ಬೈಟಿನಲ್ಲಿ ಮುಗಿದು ಒಂದು ಗೂಡಿನಲ್ಲಿ ಕೂರುತ್ತದೆ. ಕನ್ನಡದಲ್ಲಿ ಬರೆದರೆ 52 ಬೈಟ್. ಉದ್ದವನ್ನು ಬರೆದಿಡಲು ಒಂದು, ಹೆಸರಿಗೆ ಎರಡು, ಒಟ್ಟು ಮೂರು ಗೂಡು.

ಹೆಸರು ಹೇಳಿದರೆ ಗೂಡು ಸಿಗುತ್ತದೆ, ಪಟ್ಟಿ ಸಿಗುವುದಿಲ್ಲ

20 ಜನರ ವಿವರವನ್ನು ಹುಡುಕುವುದು ಹೇಗೆ? ಇದಕ್ಕೆ 'ಮ್ಯಾಪಿಂಗ್' ಎಂಬ ಏರ್ಪಾಡು ಇದೆ. ಸದಸ್ಯೆಯ ವಿಳಾಸ ಸಂಖ್ಯೆ ಕೊಟ್ಟರೆ ಅದರಿಂದ ಹ್ಯಾಶ್ ತೆಗೆದು ನೇರವಾಗಿ ಆಕೆಯ ಗೂಡಿಗೆ ಹೋಗುತ್ತದೆ. ಸದಸ್ಯರು 20 ಇರಲಿ, 20 ಲಕ್ಷ ಇರಲಿ, ಒಬ್ಬರ ಗೂಡು ತೆರೆಯುವ ಖರ್ಚು ಒಂದೇ.

ಆದರೆ ಎರಡು ತೊಡಕುಗಳಿವೆ. ಮೊದಲನೆಯದು, "ಯಾರು ಯಾರು ಸದಸ್ಯರು?" ಎಂದು ಕೇಳಿದರೆ ಮ್ಯಾಪಿಂಗ್ ಉತ್ತರಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಪಟ್ಟಿ ಇಡಬೇಕು. ಎರಡನೆಯದು, ಎಂದೂ ಬರೆಯದ ಗೂಡನ್ನು ತೆರೆದರೂ 'ಸೊನ್ನೆ' ಎಂದೇ ಬರುತ್ತದೆ. ಸದಸ್ಯೆಯಾಗಿ ಇನ್ನೂ ಕಂತು ಕಟ್ಟದವಳು, ಸದಸ್ಯೆಯೇ ಅಲ್ಲದವಳು, ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಹಾಗಾಗಿ 'ಈಕೆ ಸದಸ್ಯೆ' ಎಂಬ ಗುರುತನ್ನೂ ಗೂಡಿನಲ್ಲಿ ಇಡಬೇಕು.

ಪಟ್ಟಿ ಇಡುವಾಗಲೂ ಮಿತಿ ಬೇಕು. 2016ರಲ್ಲಿ 'ಗವರ್ನ್‌ಮೆಂಟಲ್' ಎಂಬ ಹಣದ ಆಟವೊಂದು ಇಥೀರಿಯಂನಲ್ಲಿ ನಡೆಯುತ್ತಿತ್ತು. ಹಣ ಹಾಕಿದವರ ಪಟ್ಟಿ ಬೆಳೆಯುತ್ತಲೇ ಹೋಯಿತು. ಗೆದ್ದವನಿಗೆ ಸುಮಾರು 1,100 ಈಥರ್ ಕೊಡುವ ಸಮಯ ಬಂದಾಗ ಮೊದಲು ಆ ಪಟ್ಟಿಯನ್ನೆಲ್ಲ ಒರೆಸಬೇಕಿತ್ತು. ಅದಕ್ಕೆ 50 ಲಕ್ಷಕ್ಕೂ ಹೆಚ್ಚು ಗ್ಯಾಸ್ ಬೇಕು, ಆಗ ಒಂದು ಬ್ಲಾಕಿನ ಮಿತಿ ಸುಮಾರು 47 ಲಕ್ಷ. ಹಣ ಕಣ್ಣೆದುರೇ ಇದ್ದರೂ ಕೈಗೆ ಬಾರದೆ ಸಿಕ್ಕಿಕೊಂಡಿತು. ಯಾರೂ ಕದಿಯಲಿಲ್ಲ, ಯಾರೂ ವಂಚಿಸಲಿಲ್ಲ. ಪಟ್ಟಿಯ ಜೋಡಣೆಯಲ್ಲೇ ದೋಷವಿತ್ತು. ಇಂದು ಅನುಭವಸ್ಥರು ಎಲ್ಲರಿಗೂ ಒಮ್ಮೆಲೇ ಹಂಚುವ ಬದಲು ಒಬ್ಬೊಬ್ಬರೂ ಬಂದು ತಮ್ಮ ಪಾಲು ಪಡೆಯುವಂತೆ ಬರೆಯುತ್ತಾರೆ.

ಕಿರ್ದಿ ಮತ್ತು ಖಾತೆ

ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ದಿನದಿನದ ವ್ಯವಹಾರಕ್ಕೆ ಕಿರ್ದಿ, ಒಬ್ಬೊಬ್ಬರ ಬಾಕಿಗೆ ಖಾತೆ. ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲೂ ಹೀಗೇ. ಗೂಡುಗಳು ಖಾತೆ ಇದ್ದಂತೆ: ಈ ಹೊತ್ತು ಯಾರದ್ದು ಎಷ್ಟು ಎಂದು ತೋರಿಸುತ್ತವೆ. 'ಇವೆಂಟ್' ಎಂಬುದು ಕಿರ್ದಿ ಇದ್ದಂತೆ: ಇಂಥ ದಿನ ಇಂಥವರು ಇಷ್ಟು ಕಟ್ಟಿದರು ಎಂಬ ಸಾಲು. ಕಿರ್ದಿಯ ಖರ್ಚು ಬೈಟಿಗೆ 8 ಗ್ಯಾಸ್, ಜೊತೆಗೆ ಸಾಲಿಗೆ ಕೆಲವು ನೂರು. ಗೂಡಿನಲ್ಲಾದರೆ ಬೈಟಿಗೆ 600ಕ್ಕೂ ಹೆಚ್ಚು ಬೀಳುತ್ತದೆ. ಆದರೆ ಕಿರ್ದಿಯನ್ನು ಹೊರಗಿನವರು ಓದಬಹುದೇ ಹೊರತು ಕಾಂಟ್ರ್ಯಾಕ್ಟು ತಾನೇ ಓದಲಾರದು. ಮುಂದೆ ನಿಯಮ ನಡೆಸಲು ಬೇಕಾದದ್ದು ಗೂಡಿಗೆ, ಬರೇ ನೆನಪಿಗೆ ಬೇಕಾದದ್ದು ಕಿರ್ದಿಗೆ. ಈ ವಿಂಗಡಣೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಬರೆ, ಆಮೇಲೆ ಕೊಡು

ಏನನ್ನು ಬರೆಯಬೇಕು ಎಂಬಷ್ಟೇ ಯಾವಾಗ ಬರೆಯಬೇಕು ಎಂಬುದೂ ಮುಖ್ಯ. 2016ರ ಜೂನ್ 17ರಂದು 'ದಿ ಡಾವ್' ಎಂಬ ಸಾಮೂಹಿಕ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಹೊರಗೆ ಹರಿದುಹೋಯಿತು. ಆ ಪ್ರೋಗ್ರಾಂ ಮೊದಲು ಹಣ ಕೊಟ್ಟು ಆಮೇಲೆ ಖಾತೆಯಲ್ಲಿ ಕಳೆಯುತ್ತಿತ್ತು. ಹಣ ಪಡೆದವನ ಪ್ರೋಗ್ರಾಂ, ಖಾತೆ ಇಳಿಯುವ ಮೊದಲೇ ಮತ್ತೆ ಕೈಯೊಡ್ಡಿತು. ಮತ್ತೆ, ಮತ್ತೆ. ಪಾಸ್‌ಬುಕ್ಕಿನಲ್ಲಿ ಬರೆಯುವ ಮೊದಲೇ ಹಣ ಎಣಿಸಿ ಕೊಟ್ಟ ಗುಮಾಸ್ತನ ಮುಂದೆ ಅದೇ ಗಿರಾಕಿ ಪುನಃ ಬಂದು ನಿಂತ ಹಾಗೆ. ನಷ್ಟ ಸರಿಪಡಿಸಲು ಜುಲೈ 20ರಂದು ಇಥೀರಿಯಂ ಪುಸ್ತಕವೇ ಎರಡು ಕವಲಾಯಿತು. ಅದನ್ನು ಒಪ್ಪದವರು ಹಳೆಯ ಕವಲನ್ನು 'ಇಥೀರಿಯಂ ಕ್ಲಾಸಿಕ್' ಎಂದು ಮುಂದುವರಿಸಿದರು. ಪರೀಕ್ಷಿಸು, ಬರೆ, ಆಮೇಲೆ ಕೊಡು ಎಂಬ ಕ್ರಮ ಈಗ ಮೊದಲ ಪಾಠವಾಗಿದೆ.

ಇನ್ನೊಂದು ಘಟನೆ 2022ರ ಜುಲೈನದು. ಒಮ್ಮೆ ಇಟ್ಟ ಪ್ರೋಗ್ರಾಮನ್ನು ತಿದ್ದಲಾಗದ ಕಾರಣ, ಗೂಡುಗಳನ್ನು ಒಂದು ಕಾಂಟ್ರ್ಯಾಕ್ಟಿನಲ್ಲೂ ನಿಯಮಗಳನ್ನು ಇನ್ನೊಂದರಲ್ಲೂ ಇಡುವ ರೂಢಿ ಇದೆ. ನಿಯಮ ಬದಲಾಗಬೇಕಾದರೆ ಎರಡನೆಯದನ್ನು ಮಾತ್ರ ಬದಲಿಸುತ್ತಾರೆ. ಇಬ್ಬರು ಗುಮಾಸ್ತರು ಒಂದೇ ರಿಜಿಸ್ಟರನ್ನು ಬಳಸಿದಂತೆ. ಯಾವ ಕಾಲಂನಲ್ಲಿ ಏನಿದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ ಇರಬೇಕು. 'ಆಡಿಯಸ್' ಎಂಬ ಸಂಗೀತ ಸೇವೆಯಲ್ಲಿ ಆ ಒಮ್ಮತ ತಪ್ಪಿತು. ಒಬ್ಬ ಗುಮಾಸ್ತ ಮೊದಲ ಗೂಡಿನಲ್ಲಿ ಮೇಲ್ವಿಚಾರಕನ ವಿಳಾಸ ಬರೆದಿದ್ದ. ಇನ್ನೊಬ್ಬ ಅದೇ ಗೂಡನ್ನು 'ಆರಂಭದ ಕೆಲಸ ಮುಗಿದಿದೆಯೇ?' ಎಂಬ ಗುರುತೆಂದು ಓದಿದ. ಇದರಿಂದ ಒಮ್ಮೆ ಮಾತ್ರ ನಡೆಯಬೇಕಿದ್ದ ಆರಂಭದ ಕೆಲಸವನ್ನು ಹೊರಗಿನವನೊಬ್ಬ ಮತ್ತೆ ನಡೆಸಿ, ಅಧಿಕಾರ ಕೈಗೆ ತೆಗೆದುಕೊಂಡು 1.8 ಕೋಟಿಗೂ ಹೆಚ್ಚು ಆಡಿಯೊ ಟೋಕನ್‌ಗಳನ್ನು ಸಾಗಿಸಿದ.

ಬೀಗವಿಲ್ಲದ ಗೂಡು

ಈಗ ಮನೆಗಳಿಗೆ ಬಹಳ ಮುಖ್ಯವಾದ ಮಾತಿಗೆ ಬರೋಣ. ಇಥೀರಿಯಂನಂಥ ತೆರೆದ ಚೈನಿನಲ್ಲಿ ಗೂಡುಗಳಿಗೆ ಬಾಗಿಲೇ ಇಲ್ಲ. 'ಸಾಲಿಡಿಟಿ' ಎಂಬ ಅದರ ಭಾಷೆಯಲ್ಲಿ 'ಪ್ರೈವೇಟ್' ಎಂಬ ಪದವಿದೆ. ಅದನ್ನು ಬರೆದರೆ ಬೇರೆ ಕಾಂಟ್ರ್ಯಾಕ್ಟು ಆ ಗೂಡನ್ನು ಬಳಸಲಾರದು, ಅಷ್ಟೇ. ಹೊರಗಿನ ಮನುಷ್ಯರು ಆ ಗೂಡನ್ನು ಧಾರಾಳವಾಗಿ ಓದಬಹುದು. ಗೂಡನ್ನು ಸೊನ್ನೆ ಮಾಡಿದರೂ ಹಿಂದೆ ಬರೆದದ್ದು ಹಳೆಯ ಬ್ಲಾಕುಗಳಲ್ಲಿ ಉಳಿದಿರುತ್ತದೆ. ಮಗುವಿನ ಹುಟ್ಟಿದ ದಿನ, ರೋಗದ ವಿವರ, ಮನೆಯ ಸಾಲ, ಜಾತಿ, ಇವನ್ನು ಅಲ್ಲಿ ಬರೆದರೆ ಸಂತೆಯ ಬೀದಿಯ ಗೋಡೆಗೆ ಶಾಶ್ವತವಾಗಿ ಕೆತ್ತಿಸಿದಂತೆ.

"ನಾವು ಹ್ಯಾಶ್ ಮಾತ್ರ ಇಡುತ್ತೇವೆ" ಎಂದು ಹೇಳುವವರಿದ್ದಾರೆ. ಅದು ಒಳ್ಳೆಯ ದಾರಿ, ಆದರೆ ಸಾಲದು. ಆಧಾರ್ ಸಂಖ್ಯೆ 12 ಅಂಕಿಗಳದ್ದು. ಅದರ ಹ್ಯಾಶ್ ಸಿಕ್ಕರೆ ಕಂಪ್ಯೂಟರ್ ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡಿ ಸರಿಯಾದದ್ದನ್ನು ಹಿಡಿಯಬಲ್ಲದು. ಆದ್ದರಿಂದ ವಿವರದ ಜೊತೆ ಊಹಿಸಲಾಗದ ಒಂದು ಗುಪ್ತ ಸಂಖ್ಯೆ ಬೆರೆಸಿ ಹ್ಯಾಶ್ ತೆಗೆಯಬೇಕು. ಮೂಲ ದಾಖಲೆಯೂ ಗುಪ್ತ ಸಂಖ್ಯೆಯೂ ಚೈನಿನ ಹೊರಗೆ, ಅಳಿಸಬಹುದಾದ ಜಾಗದಲ್ಲಿ ಇರಬೇಕು.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ನಮ್ಮ ವಿವರವನ್ನು ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕನ್ನು ಒಳಗೊಂಡಿದೆ. 18 ವರ್ಷದೊಳಗಿನವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಅಳಿಸಲಾಗದ ಪುಸ್ತಕದಲ್ಲಿ ಹೆಸರನ್ನೇ ಬರೆದುಬಿಟ್ಟರೆ ಆ ಹಕ್ಕನ್ನು ನಡೆಸಿಕೊಡುವುದು ಹೇಗೆ?

ಗಡಿನಾಡಿನವರ ಹೆಸರು

ನಮ್ಮ ಗಡಿನಾಡಿನ ಮನೆಗಳಲ್ಲಿ ಒಬ್ಬರೇ ವ್ಯಕ್ತಿಯ ಹೆಸರು ಹಲವು ರೂಪದಲ್ಲಿ ಇರುತ್ತದೆ. ಚರ್ಚಿನ ಪುಸ್ತಕದಲ್ಲಿ 'ಜೋಸೆಫ್', ರೇಷನ್ ಕಾರ್ಡಿನಲ್ಲಿ 'ಸೂಸೈ', ಶಾಲೆಯಲ್ಲಿ 'ಜೋಸಪ್ಪ'. ತಲಾಟಿಗೋ ಗ್ರಾಮ ಲೆಕ್ಕಿಗರಿಗೋ ವಿವರಿಸಿದರೆ ಮೂವರೂ ಒಬ್ಬರೇ ಎಂದು ಅವರಿಗೆ ಅರ್ಥವಾಗುತ್ತದೆ. ಹ್ಯಾಶಿಗೆ ಅರ್ಥವಾಗುವುದಿಲ್ಲ. ಒಂದಕ್ಷರ ಬೇರೆಯಾದರೂ ಅದಕ್ಕೆ ಮೂವರೂ ಸಂಬಂಧವಿಲ್ಲದ ಮೂರು ಜನ. ಕನ್ನಡದ ದೀರ್ಘ 'ಮೇ'ಯನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಲ್ಲಿ ಕೂಡಿಸಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ. ಆದ್ದರಿಂದ ಹೆಸರನ್ನು ಯಾವ ಭಾಷೆಯಲ್ಲಿ, ಯಾವ ರೂಪದಲ್ಲಿ ಬರೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಬೇಕು. ತಿದ್ದುಪಡಿಗೂ ದಾರಿ ಇಟ್ಟಿರಬೇಕು.

ಇದು ದೂರದ ಮಾತಲ್ಲ. ಸಿ.ಬಿ.ಎಸ್.ಇ. ಮಂಡಳಿ 2021ರಲ್ಲಿ ಅಂಕಪಟ್ಟಿಗಳ ದಾಖಲೆಗೆ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಆರಂಭಿಸಿತು. 2022ರಲ್ಲಿ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಎಟಾಪಲ್ಲಿಯಲ್ಲಿ ಸುಮಾರು 65,000 ಜಾತಿ ಪ್ರಮಾಣಪತ್ರಗಳನ್ನು 'ಪಾಲಿಗಾನ್' ಎಂಬ ತೆರೆದ ಚೈನಿಗೆ ಜೋಡಿಸುವ ಯೋಜನೆ ಪ್ರಕಟವಾಯಿತು. ನಕಲಿ ಪ್ರಮಾಣಪತ್ರದಿಂದ ಬಡವರ ಪಾಲು ತಪ್ಪುವುದನ್ನು ತಡೆಯಲು ಇಂಥವು ನೆರವಾಗಬಲ್ಲವು. ಆದರೆ ಚೈನು ಕಾಯುವುದು ಬರೆದದ್ದನ್ನು. ಬರೆದದ್ದು ನಿಜವೋ ಸುಳ್ಳೋ ಅದಕ್ಕೆ ತಿಳಿಯದು. ನಮ್ಮ ಚೀಟಿಯಲ್ಲೂ ಕಂತಿನ ರೂಪಾಯಿ ಕೈಯಿಂದ ಕೈಗೆ ಹೋದದ್ದನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಲೇಬೇಕು.

ತಿದ್ದುಪಡಿಯ ಕ್ರಮಕ್ಕೆ ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನೇ ನೋಡಿ. ಮದುವೆಯಾದಾಗ ಹೊಸ ಪುಟ ಬರೆದು ಹಳೆಯದನ್ನು ಹರಿಯುವುದಿಲ್ಲ. ಅದೇ ಸಾಲಿನ ಅಂಚಿನಲ್ಲಿ ಟಿಪ್ಪಣಿ ಸೇರಿಸುತ್ತಾರೆ. ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲೂ ಹೀಗೆ 'ಈ ದಾಖಲೆ ರದ್ದಾಗಿದೆ, ಹೊಸದು ಇದು' ಎಂದು ಬರೆಯಲು ಒಂದು ಗೂಡನ್ನು ಮೊದಲೇ ಬಿಟ್ಟಿರಬೇಕು. ಹಾಗೆ ಬರೆಯುವ ಅಧಿಕಾರ ಯಾರಿಗೆ ಎಂಬುದನ್ನೂ ಮೊದಲೇ ನಿಶ್ಚಯಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಶಾಲೆಯೋ, ಸ್ವಸಹಾಯ ಸಂಘವೋ, ಕಚೇರಿಯೋ "ನಿಮ್ಮ ದಾಖಲೆಯನ್ನು ಬ್ಲಾಕ್‌ಚೈನಿಗೆ ಹಾಕುತ್ತೇವೆ" ಎಂದರೆ ಸಂಕೋಚವಿಲ್ಲದೆ ಕೇಳಿ:

1. ಅಲ್ಲಿ ಇಡುವುದು ನನ್ನ ವಿವರವನ್ನೋ, ಅದರ ಹ್ಯಾಶನ್ನೋ?

2. ಅದನ್ನು ಯಾರು ಯಾರು ಓದಬಹುದು?

3. ಹೆಸರು ತಪ್ಪಾಗಿದ್ದರೆ ತಿದ್ದುಪಡಿ ಹೇಗೆ, ಯಾರಿಂದ?

4. ಮೂಲ ದಾಖಲೆ ಎಲ್ಲಿರುತ್ತದೆ? ಆ ಜಾಗ ಕೆಟ್ಟುಹೋದರೆ ಹ್ಯಾಶೊಂದರಿಂದ ದಾಖಲೆ ಮರಳಿ ಬಾರದು. ಪ್ರತಿ ಯಾರ ಬಳಿ ಇದೆ?

5. ನಾಳೆ ಬೇಡವೆಂದರೆ ಏನು ಉಳಿಯುತ್ತದೆ?

ಇಂಥ ಪ್ರೋಗ್ರಾಂಗಳನ್ನು ಬರೆಯುವ ನಮ್ಮ ಯುವಜನರೇ, ಈ ಐದು ಪ್ರಶ್ನೆಗಳನ್ನು ಕೆಲಸ ಆರಂಭಿಸುವ ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಿ. ಒಂದೊಂದು ಗೂಡಿನ ಮುಂದೆಯೂ ಇದು ಇಲ್ಲಿ ಏಕೆ ಬೇಕು ಎಂದು ಬರೆಯಿರಿ. ಉತ್ತರ ಸಿಗದ ಗೂಡನ್ನು ಖಾಲಿ ಬಿಡಿ. ಹೆತ್ತವರು ಮಕ್ಕಳ ಪ್ರಮಾಣಪತ್ರಗಳ ಕಾಗದದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡಿರಿ. ಹೆಸರಿನ ಅಕ್ಷರಗಳು ಎಲ್ಲ ದಾಖಲೆಗಳಲ್ಲೂ ಒಂದೇ ಆಗಿವೆಯೇ ಎಂದು ಈ ವಾರವೇ ಹೊರತೆಗೆದು ನೋಡಿ. ಕಾಗದದ ಮೇಲಿರುವಾಗಲೇ ಅದನ್ನು ಸರಿಪಡಿಸಿಕೊಳ್ಳುವುದು ಸುಲಭ.